ಸಾಲಾಗಿ ಮೂರು ಗುಳ್ಳೆ

ಯಾರ ಮನೆಗೆ ಹೋದರೂ ನನಗೊಂದು ಕೆಟ್ಟ ಚಾಳಿ. "ಬನ್ನಿ, ಕೂತ್ಕೊಳ್ಳಿ" ಎಂದು ಅವರು ಸೋಫಾ ತೋರಿಸಿದ ತಕ್ಷಣ ನಾನು ಕೂರುವುದಿಲ್ಲ. ಹೆಬ್ಬೆರಳನ್ನು ಸೋಫಾದ ಹೊಲಿಗೆಯ ಉದ್ದಕ್ಕೂ ಒಂದು ಸಲ ಓಡಿಸುತ್ತೇನೆ. ಕೈಯಿಡುವ ಕಡೆಗೂ ಕೂರುವ ಕಡೆಗೂ ನಡುವೆ ಇರುವ ಸಂದಿಗೆ ಬಗ್ಗಿ ಇಣುಕುತ್ತೇನೆ. ಬೇಕೆಂದು ಮಾಡುವುದಲ್ಲ, ಬೆರಳು ತಾನಾಗಿ ಹೋಗುತ್ತದೆ. ಮನೆಯವರು ಮಾತ್ರ ಹಿಗ್ಗಿಹೋಗುತ್ತಾರೆ. "ಬಟ್ಟೆ ನೋಡ್ತಿದ್ದೀರಾ ಸಾರ್? ಒಳ್ಳೆ ಬಟ್ಟೆ, ಒಗೆದರೂ ಬಣ್ಣ ಹೋಗಲ್ಲ" ಎಂದು ಶುರುಮಾಡುತ್ತಾರೆ. ನನ್ನ ಹೆಂಡತಿ ಶೋಭಾ ಹಿಂದಿನಿಂದ ಅಂಗಿ ಹಿಡಿದು ಜಗ್ಗುತ್ತಾಳೆ. ನಾನು "ತುಂಬಾ ಚೆನ್ನಾಗಿದೆ" ಎಂದು ಕೂರುತ್ತೇನೆ. ಕೂರುವುದೂ ತುದಿಯಲ್ಲಿ.

ಈ ಚಾಳಿ ನನ್ನ ಕೆಲಸದಿಂದ ಬಂದದ್ದು ಎಂದು ಎಲ್ಲರೂ ತಿಳಿದಿದ್ದಾರೆ. ಹಾಗೇ ತಿಳಿಯಲಿ ಎಂದು ನಾನೂ ಬಿಟ್ಟಿದ್ದೇನೆ. ಹೊಸೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನದು ಕೈಗಡಿಯಾರದ ಹೊರಚಿಪ್ಪನ್ನು ಪರೀಕ್ಷೆ ಮಾಡುವ ಕೆಲಸ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ದಿನವಿಡೀ ಗೀರು, ಚುಕ್ಕೆ, ಗುಳಿ ಹುಡುಕುತ್ತಾ ಕೂರುವುದು. ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದೇನೆ. ಕೂದಲೆಳೆಯಷ್ಟು ಗೀರಿದ್ದರೂ ನನ್ನ ಕಣ್ಣು ತಪ್ಪಿಸಿಕೊಂಡು ಹೋಗಲಾರದು ಎಂದು ನಮ್ಮ ಸೂಪರ್‌ವೈಸರ್ ಹೊಸ ಹುಡುಗರಿಗೆ ಹೇಳುವುದುಂಟು. ಅವರು ಹಾಗೆ ಹೇಳುವಾಗ ನಾನು ತಲೆ ತಗ್ಗಿಸುತ್ತೇನೆ. ವಿನಯ ಎಂದು ಅವರು ತಿಳಿಯುತ್ತಾರೆ. ಅದು ವಿನಯವಲ್ಲ, ಹೋದ ವರ್ಷದ ನೆನಪು.

ಹೋದ ವರ್ಷದ ಮಾತಿಗೆ ಬರುವ ಮೊದಲು ನಮ್ಮ ಅತ್ತೆಯ ಪರಿಚಯವಾಗಬೇಕು. ಮುನಿಯಮ್ಮ ಎಂದು ಹೆಸರು. ನಮ್ಮಪ್ಪನ ತಂಗಿ. ಸೂಳಗಿರಿಯಿಂದ ಎರಡು ಮೈಲಿ ಒಳಗಿರುವ ನಮ್ಮೂರಿನಲ್ಲೇ ಅವರನ್ನು ಕೊಟ್ಟಿತ್ತು. ನಮ್ಮ ಮನೆ ಓಣಿಯ ಈ ಕಡೆ, ಅವರದು ಆ ಕಡೆ. ಮುಂದೆ ಅವರ ಮಗಳು ಶೋಭಾಳನ್ನೇ ನಾನು ಮದುವೆಯಾದದ್ದರಿಂದ ಅತ್ತೆ ಎರಡು ಸಲ ಅತ್ತೆಯಾದರು. ಮದುವೆಯ ಹಿಂದಿನ ದಿನದವರೆಗೂ "ಏನ್ಲಾ ನಾಗ" ಎನ್ನುತ್ತಿದ್ದವರು ತಾಳಿ ಕಟ್ಟಿದ ಮರುಗಳಿಗೆಯಿಂದ "ಅಳಿಮಯ್ಯ, ಊಟ ಮಾಡಿ" ಎಂದು ಬಹುವಚನಕ್ಕೆ ಹತ್ತಿದರು. ನನಗೆ ಯಾರೋ ಬೇರೆಯವರು ಕರೆದ ಹಾಗಾಗಿ ಹಿಂದೆ ತಿರುಗಿ ನೋಡಿದ್ದೆ.

ಊರಿಗೆಲ್ಲ ಅತ್ತೆ ಪ್ರಸಿದ್ಧರಾದದ್ದು ಒಂದೇ ವಿದ್ಯೆಯಿಂದ. ಮೈಮೇಲಿನ ಗುಳ್ಳೆ ನೋಡಿದರೆ ಸಾಕು, ಯಾವ ಹುಳ ಕಚ್ಚಿದೆ ಎಂದು ಹೇಳುತ್ತಿದ್ದರು. ಮಂತ್ರ ಇಲ್ಲ, ಬೇವಿನ ಸೊಪ್ಪು ಇಳಿಸುವುದಿಲ್ಲ. ತೋಳು ಹಿಡಿದು ಬಾಗಿಲಿನ ಬೆಳಕಿಗೆ ಎಳೆದುಕೊಂಡು ಹೋಗಿ ನಿಲ್ಲಿಸುತ್ತಿದ್ದರು. ಆಮೇಲೆ ಪೊಲೀಸರ ಹಾಗೆ ಪ್ರಶ್ನೆ.

"ಎಲ್ಲಿ ಕೂತಿದ್ದೆ?"

"ಹುಣಸೆ ಮರದ ಕೆಳಗೆ."

"ಸುಳ್ಳು. ಮರದ ಮ್ಯಾಲೆ. ಮೊದ್ಲು ಉರೀತಾ, ಕೆರೀತಾ?"

"ಉರೀತು."

"ಕಣಜ ಕಣ್ಲಾ ಇದು. ಗೂಡಿಗೆ ಕಲ್ಲು ಹೊಡ್ದೆ ಅಲ್ವಾ?"

ಹೊಡೆದಿದ್ದೆ. ಯಾರೂ ನೋಡಿರಲಿಲ್ಲ, ಗುಳ್ಳೆ ನೋಡಿತ್ತು. ಜೇನು ಕಚ್ಚಿದರೆ ಕೊಂಡಿ ಅಲ್ಲೇ ಬಿಟ್ಟು ಸಾಯುತ್ತದೆ, ಕಣಜ ಕೊಂಡಿಯನ್ನು ಜೋಪಾನವಾಗಿ ಮನೆಗೆ ತೆಗೆದುಕೊಂಡು ಹೋಗುತ್ತದೆ ಎಂಬುದು ಅತ್ತೆ ಹೇಳಿಕೊಟ್ಟ ಮೊದಲ ಪಾಠ. ಜೇನಿನ ಕೊಂಡಿಯನ್ನು ಅವರು ಎಂದೂ ಎರಡು ಬೆರಳಲ್ಲಿ ಹಿಡಿದು ಕೀಳುತ್ತಿರಲಿಲ್ಲ. "ಹಿಂಡಿದ್ರೆ ಇರೋ ವಿಷಾನೂ ಒಳಗೆ ಹೋಗ್ತದೆ" ಎಂದು ಉಗುರಿನ ಅಂಚಿನಲ್ಲಿ ಪಕ್ಕಕ್ಕೆ ಕೆರೆದು ಹಾರಿಸುತ್ತಿದ್ದರು. ಆಮೇಲೆ ಸೋಪು ಹಚ್ಚಿ ತೊಳೆದು, ಮಡಕೆಯ ನೀರಲ್ಲಿ ಅದ್ದಿದ ಬಟ್ಟೆ. ಅಷ್ಟೇ ಔಷಧಿ. ಸುಣ್ಣ ಹಚ್ಚುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಇದೇನು ಗೋಡೆ ಏನೇ? ಸುಣ್ಣ ಬಳಿಯಾಕೆ?" ಎಂದು ಬೈದು ಕಳಿಸುತ್ತಿದ್ದರು.

ಕೆಂಪಿರುವೆಯಾದರೆ ಮರುದಿನ ಸಾಸಿವೆಯಷ್ಟು ಕೀವಿನ ತಲೆ ಏಳುತ್ತದೆ, ಅದನ್ನು ಒಡೆಯಬಾರದು. ಕಣಕಾಲಿನ ಸುತ್ತ ಚುಕ್ಕೆ ಚುಕ್ಕೆಯಾಗಿ ಕಚ್ಚಿದ್ದರೆ ಮನೆಯ ಬೆಕ್ಕನ್ನು ಹಿಡಿದು ನೋಡಬೇಕು, ಚಿಗಟ ಇರುತ್ತದೆ. ಸೊಳ್ಳೆಗೆ ಶಿಸ್ತಿಲ್ಲ, ಇಲ್ಲೊಂದು ಅಲ್ಲೊಂದು ಊದಿಸಿ ಹೋಗುತ್ತದೆ. ತಿಗಣೆಗೆ ಶಿಸ್ತುಂಟು. "ಟೊಮೇಟೊ ಸಸಿ ನಾಟಿ ಮಾಡ್ದಂಗೆ ಸಾಲಾಗಿ ಮೂರು" ಎನ್ನುತ್ತಿದ್ದರು ಅತ್ತೆ.

ಎಲ್ಲಕ್ಕಿಂತ ಮುಖ್ಯವಾದದ್ದು ಅವರ ಕೊನೆಯ ಪ್ರಶ್ನೆ. ಯಾರು ಬಂದರೂ, ಗುಳ್ಳೆ ಎಷ್ಟು ಸಣ್ಣದಿದ್ದರೂ, "ಎಲ್ಲಿ, ನಿನ್ನ ಹೆಸರು ಹೇಳು" ಎನ್ನುತ್ತಿದ್ದರು. ನಮಗೆಲ್ಲ ನಗು. ಹೆಸರು ಗೊತ್ತಿಲ್ಲವೇ ಇವರಿಗೆ? ಒಂದು ದಿನ ಬದನೆ ತೋಟದಲ್ಲಿ ಕೂಲಿಗೆ ಬಂದಿದ್ದ ಒಬ್ಬ ಹೆಂಗಸಿಗೆ ಜೇನು ಕಚ್ಚಿತು. ಎರಡೇ ಎರಡು. ಅವಳು ನಗುತ್ತಲೇ ಬಂದು ಕೂತಳು. ಅತ್ತೆ ಹೆಸರು ಕೇಳಿದರು. ಅವಳು ಹೇಳಿದಳು. ದನಿ ಹಂಡೆಯೊಳಗಿಂದ ಬಂದ ಹಾಗಿತ್ತು, ತುಟಿ ದಪ್ಪವಾಗತೊಡಗಿತ್ತು. ಅತ್ತೆ ನೀರಿಗೂ ಕಾಯಲಿಲ್ಲ. ಟೊಮೇಟೊ ತುಂಬಿಕೊಂಡು ಹೊರಟಿದ್ದ ಟೆಂಪೋ ನಿಲ್ಲಿಸಿ, ಬುಟ್ಟಿ ಇಳಿಸಿ, ಅವಳನ್ನು ಕೂರಿಸಿಕೊಂಡು ಕೃಷ್ಣಗಿರಿಯ ದೊಡ್ಡಾಸ್ಪತ್ರೆಗೆ ಹೋದರು. ಸೂಜಿ ಹಾಕಿದ ಡಾಕ್ಟರು, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ. ಮರುದಿನದಿಂದ ಊರಲ್ಲಿ ಯಾರೂ ಅವರ ಪ್ರಶ್ನೆಗೆ ನಗಲಿಲ್ಲ. "ಉಸ್ರು ಹಿಡೀತು, ಬಾಯಿ ಊದ್ತು ಅಂದ್ರೆ ನನ್ನ ತಾವ ಬರಬ್ಯಾಡ್ರಿ, ಆಸ್ಪತ್ರೆಗೆ ಓಡಿ" ಎಂದು ಅತ್ತೆ ಸಾರಿಬಿಟ್ಟರು.

ಇಂಥ ಅತ್ತೆ ಹೋದ ವರ್ಷ ಕಣ್ಣಿನ ಪೊರೆ ತೆಗೆಸಲು ಹೊಸೂರಿಗೆ ನಮ್ಮ ಮನೆಗೆ ಬಂದರು. ಜೊತೆಗೆ ಒಂದು ಬಟ್ಟೆ ಚೀಲ, ಒಂದು ಸೀಸೆ ಉಪ್ಪಿನಕಾಯಿ, ಒಂದು ಕರಿ ಕಂಬಳಿ. ಆ ಕಂಬಳಿ ಇಲ್ಲದೆ ಅವರಿಗೆ ನಿದ್ದೆ ಬಾರದು.

ಆಪರೇಷನ್ ಆದ ಮೇಲೆ ನೋಡಲು ನೆಂಟರು ಬರುತ್ತಾರಲ್ಲ, ಅವರನ್ನು ಎಲ್ಲಿ ಕೂರಿಸುವುದು ಎಂಬ ಯೋಚನೆ ನನಗೆ ಹತ್ತಿತು. ಮನೆಯಲ್ಲಿ ಇದ್ದದ್ದು ಎರಡು ಪ್ಲಾಸ್ಟಿಕ್ ಕುರ್ಚಿ. ಒಂದರ ಕಾಲು ಸೀಳಿತ್ತು. ನಿಜ ಹೇಳುತ್ತೇನೆ, ನೆಂಟರು ಬರೀ ನೆಪ. ಸೋಫಾ ಬೇಕು ಎಂದು ನನಗೆ ಮೊದಲಿನಿಂದ ಆಸೆ. ಜೂಜುವಾಡಿಯ ಹತ್ತಿರ, ಲಾರಿಗಳು ಸಾಲುಗಟ್ಟಿ ನಿಲ್ಲುವ ಕಡೆ ಹಳೆ ಸಾಮಾನಿನ ಒಂದು ಅಂಗಡಿ ಇತ್ತು. ಅಲ್ಲಿ ಕಡುಗೆಂಪು ಬಣ್ಣದ, ಮೂರು ಜನ ಕೂರುವ ಸೋಫಾ ನನ್ನ ಕಣ್ಣಿಗೆ ಬಿತ್ತು. ಮಖಮಲ್ಲಿನಂಥ ಬಟ್ಟೆ, ಸುತ್ತ ಹಗ್ಗದಂಥ ದಪ್ಪ ಹೊಲಿಗೆ. ನಾನು ಕಾಲುಗಳನ್ನು ಅಲುಗಾಡಿಸಿ ನೋಡಿದೆ. ಮರ ತಟ್ಟಿ ನೋಡಿದೆ. ಬಟ್ಟೆಯ ಮೇಲೆ ಗೀರಿದೆಯೇ, ಕಲೆಯಿದೆಯೇ ಎಂದು ಇಂಚಿಂಚು ನೋಡಿದೆ. ಹೊಲಿಗೆಯ ಒಳಗೆ ಮಾತ್ರ ನೋಡಲಿಲ್ಲ. ಗಡಿಯಾರದ ಚಿಪ್ಪಿಗೆ ಹೊಲಿಗೆ ಇರುವುದಿಲ್ಲವಲ್ಲ!

ಅತ್ತೆಯ ಆಪರೇಷನ್ ಆದ ವಾರಕ್ಕೆ ಗೂಡ್ಸ್ ಆಟೋದಲ್ಲಿ ಸೋಫಾ ಬಂತು. ನಾನು ಡ್ರೈವರ್ ಪಕ್ಕ ಕೂರದೆ ಹಿಂದೆ ಸೋಫಾದ ಮೇಲೆಯೇ ಕೂತು ಬಂದೆ. ಹೊಸೂರಿನ ರಸ್ತೆಯಲ್ಲಿ ಶಿಫ್ಟು ಮುಗಿಸಿ ಬರುತ್ತಿದ್ದ ಬೈಕಿನವರೆಲ್ಲ ತಿರುಗಿ ನೋಡಿದರು. ನಾನು ಕಾಲಮೇಲೆ ಕಾಲು ಹಾಕಿದೆ.

ಅಂದಿನಿಂದ ಅದು ನನ್ನ ಸಿಂಹಾಸನ. ಮೊದಲ ಶಿಫ್ಟು ಮುಗಿಸಿ ಬಂದವನು ಮುಖ ತೊಳೆದು ಅದರ ಮೇಲೆ ಉರುಳಿದರೆ ಸಂಜೆ ಕಾಫಿಗೇ ಏಳುವುದು. ಸಂಜೆ ಶೋಭಾ ಗಾರ್ಮೆಂಟ್ಸಿನಿಂದ ಬಂದು ಧಾರಾವಾಹಿ ನೋಡಲು ಒಂದು ಮೂಲೆಯಲ್ಲಿ ಕೂರುತ್ತಿದ್ದಳು. ಒಂಬತ್ತನೇ ಕ್ಲಾಸಿನ ಮಗಳು ಚೈತ್ರಾಗೆ ಸೋಫಾದ ಮೇಲೆ ಜಾಗವಿರಲಿಲ್ಲ, ಅವಳು ಒಳಕೋಣೆಯಲ್ಲಿ ಅಜ್ಜಿಯ ಜೊತೆ ಇರುತ್ತಿದ್ದಳು. ಅತ್ತೆ ನೆಲದ ಮೇಲೆ ಚಾಪೆ ಹಾಕಿ ಕೂತು, ಕಪ್ಪು ಕನ್ನಡಕದೊಳಗಿಂದ ನನ್ನನ್ನೂ ಸೋಫಾವನ್ನೂ ನೋಡುತ್ತಿದ್ದರು. "ಮೆತ್ತಗೈತಾ ಅಳಿಮಯ್ಯ?" ಎಂದು ಒಂದು ಸಲ ಕೇಳಿದರು. "ಹೂವಿನ ಹಾಗಿದೆ ಅತ್ತೆ, ನೀವೂ ಬನ್ನಿ" ಎಂದೆ. "ನಂಗೆ ನೆಲಾನೇ ಸರಿ" ಎಂದರು.

ಎರಡು ಮೂರು ವಾರ ಕಳೆದಿರಬೇಕು. ಒಂದು ಬೆಳಗ್ಗೆ ಸ್ನಾನಕ್ಕೆ ಹೋದಾಗ ಮೊಣಕೈ ಹತ್ತಿರ ಮೂರು ಕೆಂಪು ಗುಳ್ಳೆ ಕಂಡವು. ಕುತ್ತಿಗೆಯ ಹಿಂದೆ ಇನ್ನೂ ಮೂರು. ವಿಪರೀತ ನವೆ. ಶೋಭಾಗೂ ತೋಳಿನ ಮೇಲೆ ಅದೇ ಥರ. ಮನೆಯಲ್ಲೇ ತಜ್ಞರು ಇರುವಾಗ ಬೇರೆ ಯಾರನ್ನು ಕೇಳುವುದು? ಅತ್ತೆಯ ಮುಂದೆ ತೋಳು ಚಾಚಿದೆ.

ಅವರು ತೋಳು ಹಿಡಿದು ಬಾಗಿಲಿಗೆ ಕರೆದುಕೊಂಡು ಹೋದರು. ಬೆಳಕಿನಲ್ಲಿ ನೋಡಿದರು. ಬಹಳ ಹೊತ್ತು ನೋಡಿದರು. ಪ್ರಶ್ನೆ ಒಂದೂ ಕೇಳಲಿಲ್ಲ.

"ಸೊಳ್ಳೆ ಇರ್ಬೋದು" ಎಂದರು.

"ಸಾಲಾಗಿದೆಯಲ್ಲ ಅತ್ತೆ?"

"ಹೊಸೂರು ಸೊಳ್ಳೆ. ಫ್ಯಾಕ್ಟ್ರೀಲಿ ಲೈನ್ ಕಲ್ತಿರ್ತವೆ."

ಎಲ್ಲರೂ ನಕ್ಕೆವು. ಪಾಪ, ಕಣ್ಣು ಇನ್ನೂ ಸರಿಯಾಗಿ ಕೂತಿಲ್ಲ, ವಯಸ್ಸೂ ಆಯಿತು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಕಿಟಕಿಗೆ ಬಲೆ ಹೊಡೆಸಿದೆ. ಕರೆಂಟಿಗೆ ಸಿಕ್ಕಿಸುವ ಬತ್ತಿ ತಂದೆ. ಟೆನಿಸ್ ಬ್ಯಾಟಿನಂಥದ್ದು ಬರುತ್ತದಲ್ಲ, ಚಟಪಟ ಎನ್ನುವುದು, ಅದನ್ನೂ ತಂದು ಗಾಳಿಯಲ್ಲಿ ಬೀಸಿದೆ. ಗುಳ್ಳೆಗಳು ಹಾಗೇ ಬಂದವು.

ಇಲ್ಲಿ ನಮ್ಮ ಸೀಮೆಯ ಭಾಷೆಯ ತಮಾಷೆ ಒಂದಿದೆ, ಹೇಳಿಬಿಡುತ್ತೇನೆ. ನನ್ನ ಪಕ್ಕದ ಟೇಬಲ್ಲಿನವನು ಮನೆಯಲ್ಲಿ ತೆಲುಗು ಆಡುವವನು. ನಾನು ತೋಳು ಕೆರೆದುಕೊಳ್ಳುವುದನ್ನು ನೋಡಿ, "ಅಣ್ಣಾ, ಮನೇಲಿ ನಲ್ಲಿ ಐತಾ?" ಎಂದ. "ಎರಡಿದೆ. ಅಡುಗೆಮನೇಲಿ ಒಂದು, ಬಚ್ಚಲಲ್ಲಿ ಒಂದು" ಎಂದೆ. ಅವನು ಗಾಬರಿಯಾಗಿ, "ಎರಡೇನಾ? ಎಣಿಸಿದ್ಯಾ?" ಎಂದ. "ಬಚ್ಚಲಿಂದು ಸೋರುತ್ತೆ" ಎಂದೆ. ತೆಲುಗಿನಲ್ಲಿ ನಲ್ಲಿ ಎಂದರೆ ತಿಗಣೆ ಎಂದು ನನಗೆ ಆಮೇಲೆ ಗೊತ್ತಾಯಿತು. ಅವನೇ ನನ್ನನ್ನು ಕಾರ್ಖಾನೆಯ ಫಸ್ಟ್ ಏಡ್ ಕೋಣೆಗೆ ಎಳೆದುಕೊಂಡು ಹೋದ. ಅಲ್ಲಿಯ ನರ್ಸಮ್ಮ ತೋಳನ್ನು ಮುಟ್ಟಲೂ ಇಲ್ಲ. ದೂರದಿಂದಲೇ, "ಇದು ಕೊಸು ಇಲ್ಲೆ ಸಾರ್, ಮೂಟ್ಟೈಪ್ಪೂಚ್ಚಿ!" ಎಂದು ತಮಿಳಿನಲ್ಲಿ ತೀರ್ಪು ಕೊಟ್ಟಳು. ಸೊಳ್ಳೆಯಲ್ಲ, ತಿಗಣೆ. ನವೆಗೆ ಹಚ್ಚಲು ಗುಲಾಬಿ ಬಣ್ಣದ ಔಷಧಿ ಕೊಟ್ಟು, ಕೆರೆದು ಗಾಯ ಮಾಡಿಕೊಳ್ಳಬೇಡಿ ಎಂದಳು. ಆಮೇಲೆ ಕೇಳಿದಳು: "ಊರಿಂದ ಯಾರಾದ್ರೂ ಹಳೇ ಹಾಸಿಗೆ, ಹೊದಿಕೆ ತಂದ್ರಾ?"

ನನ್ನ ತಲೆಯಲ್ಲಿ ಕರಿ ಕಂಬಳಿ ಬಿಚ್ಚಿಕೊಂಡಿತು.

ಮನೆಗೆ ಬಂದು ಅಡುಗೆಮನೆಯಲ್ಲಿ ಶೋಭಾಗೆ ಹೇಳಿದೆ. "ಅಮ್ಮನ ಕಂಬಳೀನಾ ಬಾವ?" ಎಂದವಳ ಮುಖ ಸಣ್ಣದಾಯಿತು. "ಬೇಜಾರಾಗ್ದಂಗೆ ಮಾಡಿ" ಎಂದಳು. ನಾನು ಬೇಜಾರಾಗದ ಹಾಗೆ ಮಾಡಿದ್ದು ಹೀಗೆ: ಅತ್ತೆ ಕಣ್ಣಾಸ್ಪತ್ರೆಗೆ ತೋರಿಸಲು ಹೋಗಿದ್ದಾಗ ಕಂಬಳಿಯನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ತುರುಕಿ, ಬಾಯಿ ಬಿಗಿದು, ತಾರಸಿಯ ಮೇಲೆ ಬಿಸಿಲಿಗೆ ಇಟ್ಟೆ. ಚೀಲದ ಒಳಗೆ ಬಿಸಿ ಏರಿದರೆ ತಿಗಣೆ ಸಾಯುತ್ತದೆ. ಉಪಾಯ ಸರಿಯೇ, ಇಟ್ಟ ವಸ್ತು ತಪ್ಪು. ಕಂಬಳಿಯ ಪಕ್ಕದಲ್ಲೇ ಮಲಗುತ್ತಿದ್ದ ಚೈತ್ರಾಳ ಮೈಮೇಲೆ ಒಂದು ಗುಳ್ಳೆಯೂ ಇಲ್ಲ ಎಂಬುದನ್ನು ಇಪ್ಪತ್ತೆರಡು ವರ್ಷದ ಪರೀಕ್ಷಕ ಗಮನಿಸಲಿಲ್ಲ.

ಅತ್ತೆ ಬಂದು ಚಾಪೆಯ ಮೇಲೆ ಕಂಬಳಿ ಹುಡುಕಿದರು. ಬಟ್ಟೆ ಒಣಗಿಸಲು ತಾರಸಿಗೆ ಹೋದವರು ಚೀಲ ನೋಡಿದರು. ಕೆಳಗೆ ಬಂದು, "ಬಿಸ್ಲಿಗೆ ಹಾಕಿದ್ದು ಒಳ್ಳೇದಾಯ್ತು ಅಳಿಮಯ್ಯ" ಎಂದರು. ಅಷ್ಟೇ. ಎರಡು ದಿನ ಕಳೆದ ಮೇಲೆ, "ಗೋವಿಂದ ಪುದೀನ ಕೀಳ್ತಾವ್ನೆ, ಕಂತೆ ಕಟ್ಟಾಕೆ ಆಳಿಲ್ಲ. ಕಣ್ಣೂ ಸರಿಹೋಯ್ತು. ಬತ್ತೀನಿ ನಾನು" ಎಂದು ಊರಿಗೆ, ಮಗನ ಮನೆಗೆ ಹೊರಟುಬಿಟ್ಟರು. ಕಂಬಳಿ ತೆಗೆದುಕೊಂಡು ಹೋಗಿ ಎಂದರೆ, "ಇರ್ಲಿ ಬಿಡಿ, ಇನ್ನೂ ಬಿಸ್ಲು ಕಾಣ್ಲಿ" ಎಂದರು. ಬಸ್ಸು ಹತ್ತಿಸಿ ಬಂದ ಚೈತ್ರಾ ನನ್ನ ಜೊತೆ ಮಾತಾಡಲಿಲ್ಲ. ಪರೀಕ್ಷೆ ಹತ್ತಿರ ಬಂತಲ್ಲ, ಅದಕ್ಕೆ ಸಿಡುಕು ಎಂದುಕೊಂಡೆ.

ಕಂಬಳಿ ತಾರಸಿಯಲ್ಲಿ, ಅತ್ತೆ ಊರಲ್ಲಿ. ಗುಳ್ಳೆಗಳೂ ಹೋಗಬೇಕಿತ್ತು. ದುಪ್ಪಟ್ಟಾದವು. ಕಾರ್ಖಾನೆಯಲ್ಲಿ ಒಂದು ಕೈಯಲ್ಲಿ ಚಿಪ್ಪು ಹಿಡಿದು ಇನ್ನೊಂದು ಕೈಯಲ್ಲಿ ಕೆರೆಯುವುದನ್ನು ನೋಡಿ ಸೂಪರ್‌ವೈಸರ್ ನನ್ನನ್ನು ಟೇಬಲ್ಲಿನ ತುದಿಗೆ ಕೂರಿಸಿದರು.

ಅತ್ತೆ ಹೋದ ಒಂಬತ್ತನೇ ದಿನ ಭಾನುವಾರ. ಟೀವಿಯ ರಿಮೋಟು ಕಾಣಲಿಲ್ಲ. ಸೋಫಾದ ಸಂದಿಗೆ ಕೈ ಹಾಕಿದೆ, ಸಿಗಲಿಲ್ಲ. ಸೋಫಾವನ್ನು ಗೋಡೆಯಿಂದ ಮುಂದಕ್ಕೆ ಎಳೆದೆ. ಹಿಂದೆ ಕಾಫಿಪುಡಿಯ ಹಳೆ ಗಾಜಿನ ಸೀಸೆ ಒಂದಿತ್ತು. ಅರ್ಧ ಸೋಪಿನ ನೀರು. ನೀರಿನ ತಳದಲ್ಲಿ ಕಂದು ಬಣ್ಣದ ಬೀಜಗಳಂಥವು. ಮುಚ್ಚಳದ ಮೇಲೆ ದಾರ ಪೋಣಿಸಿದ ಒಂದು ಗೋಣಿ ಸೂಜಿ. ಬೀಜ ಎಂದುಕೊಂಡು ಭೂತಗನ್ನಡಿ ಹಾಕಿ ನೋಡಿದೆ. ಬೀಜಕ್ಕೆ ಕಾಲುಗಳಿದ್ದವು. ಆರಾರು.

ಆ ಗಾಜು ಕಣ್ಣಲ್ಲಿ ಇರುವಂತೆಯೇ ಸೋಫಾದ ಹೊಲಿಗೆ ಬಿಡಿಸಿದೆ. ಒಳಗೆ ಶಾಯಿ ಚಿಮುಕಿಸಿದ ಹಾಗೆ ಕಪ್ಪು ಚುಕ್ಕೆಗಳು, ಒಣಗಿದ ಪೊರೆ, ಅಕ್ಕಿನುಚ್ಚಿನಂಥ ಬಿಳಿ ಮೊಟ್ಟೆ. ಒಂದು ತಿಗಣೆ ನನ್ನ ಭೂತಗನ್ನಡಿಯನ್ನು ನೋಡಿ ನಿಧಾನವಾಗಿ ಒಳಗೆ ಸರಿಯಿತು.

"ಚೈತ್ರಾ!" ಎಂದು ಕೂಗಿದೆ. ಅವಳು ಬಂದು ಸೀಸೆ ನೋಡಿ, ಬಾಗಿಲಿಗೆ ಒರಗಿ ನಿಂತಳು.

"ಇದು ಯಾರದು?"

"ಅಜ್ಜೀದು. ನೀವಿಬ್ರೂ ಕೆಲಸಕ್ಕೆ ಹೋದ ಮೇಲೆ ದಿನಾ ಸೂಜೀಲಿ ಎತ್ತಿ ಎತ್ತಿ ಹಾಕ್ತಿತ್ತು. ಶನಿವಾರ ನಾನು ನೋಡ್ಬಿಟ್ಟೆ. ನಿಮ್ಮಪ್ಪನಿಗೆ ಹೇಳಂಗಿಲ್ಲ ಅಂತ ಆಣೆ ಹಾಕಿಸ್ಕೊಂತು."

"ಕಂಬಳಿ ಕಟ್ಟಿದಾಗಲಾದರೂ ಹೇಳಬಾರದಾ?"

"ಆಣೆ ಅಪ್ಪಾ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಒಂಬತ್ತು ದಿನದ ಸಿಟ್ಟು.

ಅಡುಗೆಮನೆಯಿಂದ ಬಂದು ಎಲ್ಲ ಕೇಳಿಸಿಕೊಂಡ ಶೋಭಾ ನೇರ ತಾರಸಿಗೆ ಹೋದಳು. ಕಂಬಳಿ ತಂದು, ಕೊಡವಿ, ಮಡಿಸಿ ನನ್ನ ಕೈಗೆ ಕೊಟ್ಟಳು. "ನೀವೇ ಹೋಗಿ. ನಾನು ಬಂದ್ರೆ ಇಬ್ರೂ ಅತ್ತುಬಿಡ್ತೀವಿ, ಮಾತು ಆಗಲ್ಲ" ಎಂದಳು.

ಬೈಕಿನ ಹಿಂದಿನ ಸೀಟಿಗೆ ಕಂಬಳಿ ಕಟ್ಟಿ, ಜೇಬಿನಲ್ಲಿ ಸೀಸೆ ಇಟ್ಟುಕೊಂಡು ಹೈವೇ ಹಿಡಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಅಭ್ಯಾಸ ಮಾಡಿದೆ. ಸೂಳಗಿರಿ ಬರುವ ಹೊತ್ತಿಗೆ ಎಲ್ಲ ಮರೆತಿತ್ತು. ಊರ ಹೊರಗೆ ಗೋವಿಂದನ ತೋಟದಲ್ಲಿ, ಹೊಂಗೆ ಮರದ ಕೆಳಗೆ ಅತ್ತೆ ಪುದೀನದ ರಾಶಿಯ ಮುಂದೆ ಕೂತು ಕಂತೆ ಕಟ್ಟುತ್ತಿದ್ದರು. ಗಾಳಿಯೆಲ್ಲ ಪುದೀನದ ವಾಸನೆ.

"ಏನ್ ಅಳಿಮಯ್ಯ, ಇಷ್ಟು ದೂರ! ಊಟ ಆಯ್ತಾ?"

ನಾನು ಸೀಸೆ ತೆಗೆದು ಅವರ ಮುಂದೆ ಇಟ್ಟೆ.

"ಇದೇನು ಅತ್ತೆ?"

"ಸೀಸೆ."

"ಒಳಗೆ?"

"ಕಾಣಕಿಲ್ವಾ? ಕ್ವಾಲಿಟಿ ನೋಡೋರು ನೀವು."

ನಾನು ನೆಲದ ಮೇಲೆ ಕೂತೆ. "ಸೊಳ್ಳೆ ಅಂದ್ರಲ್ಲ ಅತ್ತೆ. ಇಷ್ಟು ವರ್ಷದಲ್ಲಿ ಒಂದು ಸಲಾನೂ ತಪ್ಪು ಹೇಳ್ಲಿಲ್ಲ ನೀವು. ನನಗೆ ಯಾಕೆ ಸುಳ್ಳು ಹೇಳಿದ್ರಿ?"

ಅತ್ತೆ ಎರಡು ಕಂತೆ ಕಟ್ಟಿ ಮುಗಿಸಿದರು. ಬಾಳೆನಾರು ಹಲ್ಲಲ್ಲಿ ಕಚ್ಚಿ ಕಿತ್ತರು. ಆಮೇಲೆ ಶುರುಮಾಡಿದ ದನಿ ಹಳೆಯ ದನಿ, ಓಣಿಯ ಆ ಕಡೆಯ ದನಿ.

"ಸೋಫಾ ಬಂದ ಮರುದಿನಾನೇ ಕಂಡೆ ಕಣ್ಲಾ. ಕಣ್ಣು ಹೊಸದಾಗಿ ಬಂದಿತ್ತು, ಮೊದ್ಲು ಕಂಡಿದ್ದೇ ಆ ದರಿದ್ರ ತಿಗಣೆ. ಹೇಳಾಣ ಅಂತ ಬಾಯಿ ತೆಗ್ದೆ. ನೀನು ಆವಾಗ ಡ್ಯೂಟಿ ಮುಗಿಸ್ಕಂಡು ಬಂದು ಅದ್ರ ಮ್ಯಾಲೆ ಕಾಲು ಚಾಚ್ಕಂಡು ಮಲ್ಗಿದ್ದೆ. ನಿಮ್ಮಪ್ಪ ಕಲ್ಲು ಕ್ವಾರೀಲಿ ಮೂವತ್ತು ವರ್ಷ ಕುಕ್ಕರುಗಾಲಲ್ಲಿ ಕೂತು ಕಲ್ಲು ಒಡ್ದ. ಮನೇಗೆ ಬಂದ್ರೂ ಕುಕ್ಕರುಗಾಲೇ. ನಮ್ಮಣ್ಣ ಬೆನ್ನು ಆನಿಸ್ಕಂಡು ಕೂತಿದ್ದು ನಾನು ಒಂದಿನಾನೂ ನೋಡ್ಲಿಲ್ಲ. ನೀನು ಮಲ್ಗಿದ್ದೆ, ಥೇಟು ಅವನ ಮೂತಿ. ನೋಡ್ತಾ ಇದ್ದೆ. ಎಂಗ್ಲಾ ಎಬ್ಬಿಸ್ಲಿ?"

ನಾನು ಸೀಸೆಯನ್ನು ನನ್ನ ಕಡೆಗೆ ಎಳೆದುಕೊಂಡೆ.

"ನಾನೇ ಎತ್ತಿ ಮುಗಿಸ್ಬುಡಾಣ ಅಂದ್ಕಂಡೆ. ದಿನಕ್ಕೆ ಹತ್ತು ಹದಿನೈದು ಎತ್ತಿದ್ರೆ ಎಷ್ಟು ದಿನ ಇದ್ದಾವು? ಅವು ನನಗಿಂತ ಜಾಣ. ನಾನು ಒಂದು ಎತ್ತಿದ್ರೆ ಅವು ನಾಕು ಇಟ್ವು."

"ಕಂಬಳಿ ಕಟ್ಟಿದಾಗಲಾದ್ರೂ ಹೇಳ್ಬೇಕಿತ್ತು ಅತ್ತೆ."

"ಹೇಳಿದ್ರೆ ಆ ಸೋಫಾನ ಅವತ್ತೇ ಬೀದಿಗೆ ಎಸೀತಿದ್ದೆ. ನಿನ್ನ ಬುದ್ಧಿ ನಂಗೊತ್ತಿಲ್ವಾ? ಕಂಬಳಿಗೇನು, ಬಿಸ್ಲು ಕಂಡ್ರೆ ಒಳ್ಳೇದೇ." ಪುದೀನದ ನಡುವೆ ಸೇರಿದ್ದ ಕಳೆ ಆರಿಸಿದರು. "ಬೇಜಾರಾಗ್ಲಿಲ್ಲ ಅನ್ನಲ್ಲ. ಆಯ್ತು. ಕಂಬಳಿಗಲ್ಲ. ನನ್ನ ಒಂದು ಮಾತು ಕೇಳ್ದೆ, ನಾನಿಲ್ದಾಗ ನೀನು ಕಟ್ಟಿದ್ದೆ ನೋಡು, ಅದಕ್ಕೆ. ಎದುರಿಗೆ ಕೇಳಿದ್ರೆ ನಾನೇ ಕಟ್ಕೊಡ್ತಿದ್ದೆ."

"ತಪ್ಪಾಯ್ತು ಅತ್ತೆ" ಎಂದೆ. ಇಷ್ಟು ಸಣ್ಣ ಮಾತನ್ನೇ ನಾನು ಮೂವತ್ತು ಕಿಲೋಮೀಟರು ಹುಡುಕಿಕೊಂಡು ಬಂದದ್ದು.

"ಆಯ್ತು ಬಿಡು" ಎಂದವರು ತಟ್ಟನೆ ಕೇಳಿದರು: "ನಾನು ಬಂದು ಎಷ್ಟು ದಿನ ಆಯ್ತು?"

"ಒಂಬತ್ತು."

ಬೆರಳು ಮಡಿಸಿ ಲೆಕ್ಕ ಹಾಕಿದರು. "ಅಯ್ಯೋ ನಿನ್ನ! ಮೊಟ್ಟೆ ಒಡೆದಿರ್ತವೆ. ಏಳ್ಲಾ ಏಳು! ಗೋವಿಂದಾ, ನಾನು ಹೊಸೂರ್ಗೆ ಹೊಂಟೆ ಕಣೋ!" ಎಂದು ಸೆರಗು ಕೊಡವಿ ಎದ್ದರು. ಬೈಕಿನ ಹಿಂದೆ ಕಂಬಳಿಯನ್ನೇ ಮೆತ್ತೆ ಮಾಡಿಕೊಂಡು ಕೂತರು.

ಅಂದು ಮಧ್ಯಾಹ್ನವೇ ಸೋಫಾ ತಾರಸಿಗೆ ಹೋಯಿತು. ನಾನು ಒಂದು ತುದಿ, ಶೋಭಾ ಇನ್ನೊಂದು ತುದಿ. ಅತ್ತೆ ಮೇಸ್ತ್ರಿ. ಬಿಚ್ಚಬಹುದಾದ ಬಟ್ಟೆಯನ್ನೆಲ್ಲ ಬಿಚ್ಚಿಸಿ ಕುದಿಯುವ ನೀರಿಗೆ ಹಾಕಿಸಿದರು. ಹೊಲಿಗೆಯ ಸಂದಿಯನ್ನು ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿಸಿದರು. ಮರದ ಸಂದುಗಳಿಗೆ ಬಿಸಿನೀರು ಹುಯ್ಯಿಸಿದರು. ಯಾವುದೋ ಘಾಟು ಪುಡಿ ತಂದು ಎರಚುತ್ತೇನೆ ಎಂದ ನನ್ನನ್ನು, "ಮೊಮ್ಮಗಳು ಉಸಿರಾಡೋ ಮನೆ, ಬ್ಯಾಡ" ಎಂದು ತಡೆದರು. "ಇವತ್ತಿಗೆ ಮುಗೀತು ಅನ್ಕಬ್ಯಾಡಿ. ವಾರ ಬಿಟ್ಟು ಮತ್ತೆ, ಮತ್ತೆ ವಾರ ಬಿಟ್ಟು ಮತ್ತೆ. ಮೊಟ್ಟೆ ಒಡೆದು ಬಂದವನ್ನ ದೊಡ್ಡವಾಗಾಕೆ ಬಿಡಬಾರ್ದು" ಎಂದರು. ಹಾಗೇ ಮಾಡಿದೆವು. ನಾಲ್ಕನೇ ಭಾನುವಾರ ಭೂತಗನ್ನಡಿಗೆ ಏನೂ ಸಿಗಲಿಲ್ಲ. ಅಲ್ಲಿಯವರೆಗೂ ಅತ್ತೆ ಊರಿನ ಮಾತೆತ್ತಲಿಲ್ಲ.

ಮೊದಲ ಭಾನುವಾರದ್ದು ಒಂದು ಮಾತು ಉಳಿಯಿತು. ನಾವು ತಾರಸಿಯಲ್ಲಿ ಒದ್ದಾಡುತ್ತಿರುವಾಗ ಕೆಳಮನೆಯ ಓನರಮ್ಮ ಸದ್ದು ಕೇಳಿ ಮೇಲೆ ಬಂದರು. ತಮಿಳಿನವರು, ಒಳ್ಳೆಯವರು, ಆದರೆ ಅವರ ಬಾಯಿಗೆ ಬಿದ್ದ ಸುದ್ದಿ ಸಂಜೆಯೊಳಗೆ ಬೀದಿಯ ಕೊನೆ ಮುಟ್ಟುತ್ತದೆ. ಬಿಸಿನೀರು, ಬ್ರಷ್ಷು, ಬಿಚ್ಚಿದ ಸೋಫಾ ನೋಡಿ ಮೂಗಿನ ಮೇಲೆ ಬೆರಳಿಟ್ಟರು. "ಮೂಟ್ಟೈಪ್ಪೂಚ್ಚಿಯಾ? ಎಪ್ಪಡಿ ವಂದದು?" ಎಂದರು. ಹೇಗೆ ಬಂತು?

ಶೋಭಾ ನನ್ನ ಮುಖ ನೋಡಿದಳು. ಚೈತ್ರಾ ನನ್ನ ಮುಖ ನೋಡಿದಳು. ಅತ್ತೆ ಮಾತ್ರ ನೋಡಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, ಓನರಮ್ಮನ ಕಡೆ ತಿರುಗಿ, ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಆಗಲೇ ಶುರುಮಾಡಿದ್ದರು: "ಊರಿಂದ ನಾನ್ ಒಂದು ಕಂಬಳಿ..."

"ಅಲ್ಲಮ್ಮ" ಎಂದೆ ನಾನು, ಬೀದಿಗೆಲ್ಲ ಕೇಳಿಸುವಷ್ಟು ಜೋರಾಗಿ. "ಸೋಫಾದಲ್ಲಿ ಬಂತು. ನಾನ್ ದಾನ್ ಕೊಂಡು ವಂದೇನ್. ಆಟೋದಲ್ಲಿ ಅದರ ಮೇಲೆ ಕೂತ್ಕೊಂಡು, ಮೆರವಣಿಗೆ ಮಾಡಿಸಿಕೊಂಡು ನಾನೇ ತಂದೆ."

ಓನರಮ್ಮ ಬಿದ್ದು ಬಿದ್ದು ನಕ್ಕರು. ಚೈತ್ರಾ ಒಂಬತ್ತು ದಿನದ ಮೇಲೆ ನನ್ನ ಮುಖ ನೋಡಿ ನಕ್ಕಳು. ಅತ್ತೆ ನಗಲಿಲ್ಲ. ಹೇಳುತ್ತಿದ್ದ ಮಾತನ್ನು ಅರ್ಧಕ್ಕೇ ನುಂಗಿ, ಬಗ್ಗಿ ಖಾಲಿ ಬಕೆಟ್ಟನ್ನು ಕಾಲಿನಿಂದ ನನ್ನ ಕಡೆ ನೂಕಿದರು.

"ತಂದೋನೇ ನೀರು ಹೊರು ಕಣ್ಲಾ."

ಒಲೆ ಇದ್ದದ್ದು ಎರಡು ಮಹಡಿ ಕೆಳಗೆ. ಆ ಮಧ್ಯಾಹ್ನ ನಾನು ಹದಿಮೂರು ಬಕೆಟ್ಟು ಬಿಸಿನೀರು ಹೊತ್ತೆ, ಒಂದು ಸಲವೂ ನವೆ ನೆನಪಾಗಲಿಲ್ಲ.